ಪದವನ್ನು ಸಂಖ್ಯೆಯಾಗಿಸಿದ ಮಹಾವೀರಾಚಾರ್ಯರು

ಕನ್ನಡ ನಾಡಿನ ಗಣಿತಜ್ಞರಲ್ಲಿ ಮಹಾವೀರಾಚಾರ್ಯರದು ಮೊದಲ ಸಾಲಿನ ಹೆಸರು. 9ನೇ ಶತಮಾನದ ಈ ಜೈನ ವಿದ್ವಾಂಸರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಆತನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗ ಹುಟ್ಟಿದ ಆ ಕಾಲದಲ್ಲೇ, ಸುಮಾರು ಕ್ರಿ.ಶ. 850ರಲ್ಲಿ, ಆಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದರು.

ಅಂದು ಗಣಿತ ಸಾಮಾನ್ಯವಾಗಿ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿರುತ್ತಿತ್ತು. ಆಚಾರ್ಯರು ಗಣಿತಕ್ಕೆಂದೇ 9 ಅಧ್ಯಾಯಗಳ ಗ್ರಂಥ ಬರೆದರು. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ನೆರಳಿನ ಲೆಕ್ಕ ಎಲ್ಲವೂ ಅದರಲ್ಲಿವೆ. ಏಕದಿಂದ ಆರಂಭಿಸಿ 24 ಸ್ಥಾನಗಳಿಗೆ ಹೆಸರು ಕೊಟ್ಟರು.

ಗ್ರಂಥವೆಲ್ಲ ಪದ್ಯ. ಛಂದಸ್ಸಿಗೆ ಹೊಂದಲು ಅಂಕಿಗಳ ಬದಲು ಪದಗಳನ್ನು ಬಳಸುತ್ತಿದ್ದರು. ಚಂದ್ರ ಎಂದರೆ 1, ಕಣ್ಣು 2, ಅಗ್ನಿ 3, ಆಕಾಶ 0. ಇದೇ ಭೂತಸಂಖ್ಯಾ ಪದ್ಧತಿ. ಇಲ್ಲಿ ಬಿಡಿಸ್ಥಾನವೇ ಮೊದಲು. ಚಂದ್ರ, ಕಣ್ಣು, ಅಗ್ನಿ ಎಂದರೆ 321. ನಿಯಮ ತಿಳಿಯದವನು 123 ಎಂದು ಓದಿ ಲೆಕ್ಕ ಕೆಡಿಸುತ್ತಾನೆ.

ನಮ್ಮ ಶಾಲೆಯಿಂದ ಹೋಗಿ ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಸಿ ಭಾಷೆಯಲ್ಲಿ ಎದುರಾಗುವುದೂ ಇದೇ ಕೆಲಸ. ಕೀಲಿಮಣೆಯಲ್ಲಿ ಒತ್ತಿದ 40.5 ಯಂತ್ರಕ್ಕೆ ಮೊದಲು ಬರೀ ಅಕ್ಷರಗಳ ಸಾಲು. ಅದನ್ನು ದಶಮಾಂಶ ಸಂಖ್ಯೆಯಾಗಿಸಲು 'ಎಟಾಫ್', 'ಸ್ಟ್ರ್‌ಟಾಡ್' ಎಂಬ ಫಂಕ್ಷನ್‌ಗಳಿವೆ. ರಾಮನಗರದ ಮಾರುಕಟ್ಟೆಯಲ್ಲಿ ರೈತನೊಬ್ಬನ 40.5 ಕೆ.ಜಿ. ರೇಷ್ಮೆಗೂಡಿನ ತೂಕ ನಮೂದಿಸುವಾಗ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಅಕ್ಷರ ಬಿತ್ತೆನ್ನಿ. ಎಟಾಫ್ ಅಲ್ಲಿಗೇ ನಿಂತು, ತಪ್ಪನ್ನು ಹೇಳದೆ, 4 ಎಂದು ಕೊಡುತ್ತದೆ. ಸ್ಟ್ರ್‌ಟಾಡ್ ಕೂಡ 4 ಎಂದೇ ಕೊಟ್ಟರೂ, ತಾನು ಎಲ್ಲಿ ನಿಂತೆನೆಂದು ತೋರಿಸುತ್ತದೆ. ಅದನ್ನು ಪರೀಕ್ಷಿಸುವ ಹೊಣೆ ಪ್ರೋಗ್ರಾಂ ಬರೆದವರದು. ಪರೀಕ್ಷಿಸದಿದ್ದರೆ ರೈತನ 36.5 ಕೆ.ಜಿ. ಗೂಡು ಲೆಕ್ಕದಿಂದಲೇ ಮಾಯ!

ಸೊನ್ನೆಯ ವಿಷಯದಲ್ಲಿ ಆಚಾರ್ಯರೂ ಎಡವಿದ್ದುಂಟು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದರು. ಆದರೆ ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅಂದೇ ಗುರುತಿಸಿದ್ದರು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಬರೆದದ್ದನ್ನು ನಿಯಮವರಿತು ಓದುವುದು, ಓದಿದ್ದನ್ನು ಮತ್ತೊಮ್ಮೆ ಪರೀಕ್ಷಿಸುವುದು: ಈ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನಮ್ಮ ಮಕ್ಕಳು ಆಚಾರ್ಯರ ಬಾಳಿನಿಂದ ಇಷ್ಟನ್ನು ಕಲಿತರೂ ಸಾರ್ಥಕ.