ಧನ್ಯ ಫ್ರೆಡೆರಿಕ್ ಓಜಾನಮ್: ಬಡವರ ಮನೆಯ ಮೆಟ್ಟಿಲೇರಿದ ಪಂಡಿತ

ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ಹೆಸರನ್ನು ಕೇಳದ ಕಥೋಲಿಕ ಕುಟುಂಬ ನಮ್ಮ ನಾಡಿನಲ್ಲಿ ವಿರಳವೆಂದೇ ಹೇಳಬೇಕು. ಮಂಗಳೂರು, ಬೆಂಗಳೂರು, ಮೈಸೂರು ಮೊದಲಾದ ಧರ್ಮಪ್ರಾಂತಗಳ ಅನೇಕ ಧರ್ಮಕೇಂದ್ರಗಳಲ್ಲಿ ಈ ಸಭೆಯ ಸದಸ್ಯರು ಬಡವರ ಮನೆಗಳಿಗೆ ಹೋಗಿ ತಮ್ಮಿಂದಾದ ನೆರವನ್ನು ಸದ್ದಿಲ್ಲದೆ ತಲುಪಿಸುತ್ತ ಬಂದಿದ್ದಾರೆ. ಆದರೆ ಈ ಸಭೆಯನ್ನು ಸ್ಥಾಪಿಸಿದವರು ಯಾರೆಂದು ಕೇಳಿದರೆ ಬಹುಮಂದಿ ಸಂತ ವಿನ್ಸೆಂಟರ ಹೆಸರನ್ನೇ ಹೇಳಿಯಾರು. ಸಂತ ವಿನ್ಸೆಂಟರು ದೈವಾಧೀನರಾದುದು 1660ರಲ್ಲಿ; ಸಭೆ ಹುಟ್ಟಿದುದು 1833ರಲ್ಲಿ. ಅದನ್ನು ಹುಟ್ಟುಹಾಕಿದವರಲ್ಲಿ ಗುರುಗಳಾಗಲಿ ಸನ್ಯಾಸಿಗಳಾಗಲಿ ಇರಲಿಲ್ಲ. ಒಬ್ಬ ಪತ್ರಿಕಾ ಸಂಪಾದಕರೂ ಆರು ಮಂದಿ ವಿದ್ಯಾರ್ಥಿಗಳೂ ಕೂಡಿ ಕಟ್ಟಿದ ಸಂಘವದು. ಆ ಆರು ಮಂದಿಯಲ್ಲಿ ಒಬ್ಬರು ಅಂದೇ 20 ವರ್ಷ ತುಂಬಿದ್ದ ಫ್ರೆಡೆರಿಕ್ ಓಜಾನಮ್. ತಪಸ್ಸುಕಾಲದ ಧ್ಯಾನಕ್ಕೂ ಬಡವರ ಸೇವೆಗೂ ನಡುವೆ ಇರುವ ಸಂಬಂಧವನ್ನು ಬಾಳಿನಲ್ಲಿ ತೋರಿಸಿಕೊಟ್ಟ ಈ ಗೃಹಸ್ಥರ ಚರಿತ್ರೆಯನ್ನು ಶತಮಾನೋತ್ಸವದ ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ.

ಓಜಾನಮರು 1813ರ ಏಪ್ರಿಲ್ 23ರಂದು ಇಟಲಿಯ ಮಿಲಾನ್ ನಗರದಲ್ಲಿ ಜನಿಸಿದರು. ಮಿಲಾನ್ ಆಗ ನೆಪೋಲಿಯನ್ನನ ಆಳ್ವಿಕೆಯಲ್ಲಿದ್ದಿತು. ತಂದೆ ವೃತ್ತಿಯಿಂದ ವೈದ್ಯರು. ಅವರಿಗೆ ಹುಟ್ಟಿದ 14 ಮಕ್ಕಳಲ್ಲಿ ಹೆಚ್ಚಿನವರು ಎಳವೆಯಲ್ಲಿಯೇ ತೀರಿಕೊಂಡರು. 1816ರಲ್ಲಿ ಕುಟುಂಬವು ಫ್ರಾನ್ಸಿನ ಲಿಯಾನ್ ನಗರಕ್ಕೆ ಬಂದು ನೆಲೆಸಿತು. ರೇಷ್ಮೆ ನೇಯ್ಗೆಗೆ ಹೆಸರಾದ ಆ ಊರಿನಲ್ಲಿ ಸಿರಿವಂತ ವರ್ತಕರೂ ಇದ್ದರು, ಹಗಲಿರುಳು ದುಡಿದರೂ ಹೊಟ್ಟೆ ತುಂಬದ ನೇಕಾರರೂ ಇದ್ದರು. 1831ರಲ್ಲಿಯೂ 1834ರಲ್ಲಿಯೂ ಅಲ್ಲಿ ನೇಕಾರರು ದಂಗೆಯೆದ್ದುದನ್ನು ಇತಿಹಾಸ ಬಲ್ಲವರು ಅರಿತಿದ್ದಾರೆ.

ತಂದೆತಾಯಿಗಳ ಬಗ್ಗೆ ಒಂದು ಪ್ರಸಂಗವನ್ನು ಜೀವನಚರಿತ್ರೆಕಾರರು ಹೇಳುತ್ತಾರೆ. ಐರೋಪ್ಯ ನಗರಗಳಲ್ಲಿ ಆ ಕಾಲದಲ್ಲಿ ಮಹಡಿ ಎತ್ತರವಾದಷ್ಟೂ ಬಾಡಿಗೆ ಕಡಿಮೆ. ಆದುದರಿಂದ ಕಡುಬಡವರು ವಾಸಿಸುತ್ತಿದ್ದುದು ಮಾಡಿನ ಕೆಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ. ವಯಸ್ಸಾದ ಮೇಲೆ ನಾಲ್ಕನೆಯ ಮಹಡಿಗಿಂತ ಮೇಲೆ ಹತ್ತುವುದಿಲ್ಲವೆಂದು ಪತಿಪತ್ನಿಯರು ಪರಸ್ಪರ ಮಾತುಕೊಟ್ಟಿದ್ದರು. ಒಂದು ದಿನ ಪತಿ ಮಾತು ಮುರಿದು ಮೇಲಿನ ಮಹಡಿಯ ರೋಗಿಯೊಬ್ಬನಲ್ಲಿಗೆ ಹೋದರೆ, ಅಲ್ಲಿಂದ ಇಳಿದು ಬರುತ್ತಿದ್ದವರು ಅವರ ಪತ್ನಿ! 1837ರ ಮೇ ತಿಂಗಳಲ್ಲಿ ಆ ವೃದ್ಧ ವೈದ್ಯರು ತೀರಿಕೊಂಡುದು ಸಹ ಬಡವನೊಬ್ಬನ ಮನೆಯ ಮೆಟ್ಟಿಲಿನಿಂದ ಬಿದ್ದು. ಮಗನು ಮುಂದೆ ಹತ್ತಲಿದ್ದ ಮೆಟ್ಟಿಲುಗಳನ್ನು ತಂದೆತಾಯಿಗಳು ಮೊದಲೇ ಹತ್ತಿ ತೋರಿಸಿದ್ದರು.

ಬಾಲ್ಯದ ಈ ಸಂಸ್ಕಾರವಿದ್ದೂ ಹದಿಹರೆಯದಲ್ಲಿ ಓಜಾನಮರನ್ನು ಸಂಶಯಗಳು ಕಾಡಿದುವು. ವಿಶ್ವಾಸವೇ ಕಳೆದುಹೋದೀತೆಂಬ ಭಯದಲ್ಲಿದ್ದ ಹುಡುಗನನ್ನು ಕೈಹಿಡಿದು ನಡೆಸಿದವರು ಶಾಲೆಯಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ನ್ವಾರೋ ಎಂಬ ಗುರುಗಳು. ಗದರಿಸದೆ, ಊರ ಹೊರಗಿನ ದಾರಿಗಳಲ್ಲಿ ಶಿಷ್ಯನ ಜತೆ ನಡೆಯುತ್ತ ಅವರು ಚರ್ಚಿಸುತ್ತಿದ್ದರಂತೆ. ಸಂಶಯದ ನೋವನ್ನು ಸ್ವತಃ ಉಂಡವರಾದುದರಿಂದಲೇ ಓಜಾನಮರು ಮುಂದೆ ಅವಿಶ್ವಾಸಿಗಳೊಡನೆ ಎಂದೂ ಕಟುವಾಗಿ ವಾದಿಸಲಿಲ್ಲ.

1831ರಲ್ಲಿ ಅವರು ಕಾನೂನು ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಹೋದರು. ಅಲ್ಲಿ ಅವರಿಗೆ ತಮ್ಮ ಮನೆಯಲ್ಲಿಯೇ ಆಶ್ರಯವಿತ್ತವರು ಆಂಪೇರ್. ವಿದ್ಯುತ್ತಿನ ಅಳತೆಗೆ ಇಂದಿಗೂ ಯಾರ ಹೆಸರನ್ನು ಬಳಸುತ್ತೇವೆಯೋ ಅದೇ ವಿಜ್ಞಾನಿ! ಆ ಮಹಾಪಂಡಿತರು ಸಂತ ಎತಿಯೆನ್ನರ ದೇವಾಲಯದ ಮೂಲೆಯಲ್ಲಿ ಮೊಣಕಾಲೂರಿ ಜಪಮಾಲೆ ಮಾಡುತ್ತಿದ್ದುದನ್ನು ತರುಣ ಓಜಾನಮರು ಕಂಡು ಬೆರಗಾದರೆಂಬ ಮಾತು ಪರಂಪರೆಯಿಂದ ಬಂದಿದೆ. ಅವರಿಗೆ ಅಂಥ ಆಸರೆ ಬೇಕಾಗಿಯೂ ಇದ್ದಿತು. ಸೊರ್ಬೊನ್ ವಿಶ್ವವಿದ್ಯಾಲಯದ ಕೆಲವು ಪ್ರಾಧ್ಯಾಪಕರು ಕ್ರೈಸ್ತ ಧರ್ಮದ ಕಾಲ ಮುಗಿಯಿತೆಂದು ಬೋಧಿಸುತ್ತಿದ್ದ ಕಾಲವದು. ಓಜಾನಮರೂ ಗೆಳೆಯರೂ ಲಿಖಿತ ಆಕ್ಷೇಪಗಳನ್ನು ಕೊಟ್ಟು ಅವರನ್ನು ಎದುರಿಸಿದರು. ಎಮಾನ್ಯುಯೆಲ್ ಬಾಯ್ಲಿ ಎಂಬ ಪತ್ರಿಕಾ ಸಂಪಾದಕರ ಆಶ್ರಯದಲ್ಲಿ ನಡೆಯುತ್ತಿದ್ದ ಚರ್ಚಾಕೂಟದಲ್ಲಿ ಎಲ್ಲ ಪಂಥದ ತರುಣರೂ ಸೇರಿ ವಾದ ಮಾಡುತ್ತಿದ್ದರು.

ಅಲ್ಲಿ ಒಮ್ಮೆ ಎದುರುಪಕ್ಷದವರಿಂದ ಒಂದು ಪ್ರಶ್ನೆ ಬಂದಿತು. ಕ್ರೈಸ್ತ ಧರ್ಮವು ಗತಕಾಲದಲ್ಲಿ ಮಹತ್ಕಾರ್ಯಗಳನ್ನು ಮಾಡಿದ್ದುಂಟು, ಒಪ್ಪೋಣ. ಆದರೆ ಇಂದು ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂಬುದೇ ಅದರ ತಾತ್ಪರ್ಯ. 1832ರ ಕಾಲರಾ ಪ್ಯಾರಿಸ್ ನಗರವೊಂದರಲ್ಲಿಯೇ 18 ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡು ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವಿರಲಿಲ್ಲ. ಓಜಾನಮರ ಹಿರಿಮೆಯಿರುವುದು ಇಲ್ಲಿಯೇ: ವಾದದಲ್ಲಿ ನಿಪುಣರಾಗಿದ್ದ ಅವರು ಈ ಒಂದು ಪ್ರಶ್ನೆಗೆ ಮಾತಿನಿಂದ ಉತ್ತರ ಕೊಡಲು ಹೋಗಲಿಲ್ಲ.

1833ರ ಏಪ್ರಿಲ್ 23ರ ಸಂಜೆ ಬಾಯ್ಲಿಯವರ ಪತ್ರಿಕಾ ಕಚೇರಿಯಲ್ಲಿ ಏಳು ಮಂದಿ ಸೇರಿದರು. ಬಡವರನ್ನು ಅವರ ಮನೆಗಳಲ್ಲಿಯೇ ಕಂಡು ನೆರವಾಗಬೇಕೆಂದು ನಿರ್ಧರಿಸಿದರು. ಓಜಾನಮರೂ ಅವರ ಗೆಳೆಯರೊಬ್ಬರೂ ಚಳಿಗಾಲಕ್ಕೆಂದು ಕೂಡಿಟ್ಟು ಉಳಿದಿದ್ದ ಸೌದೆಯನ್ನು ಬಡವನೊಬ್ಬನ ಮನೆಗೆ ಹೊತ್ತು ಕೊಟ್ಟುದೇ ಮೊದಲ ದಾನವೆಂದು ಸಭೆಯವರು ನೆನೆಯುತ್ತಾರೆ. ಆದರೆ ಉತ್ಸಾಹವಿದ್ದ ಮಾತ್ರಕ್ಕೆ ಬಡವರ ಸೇವೆ ಬಾರದು. ಅದನ್ನು ಕಲಿಯಲು ಅವರು ಮುಫ್ತಾರ್ ಬೀದಿಯ ಸುತ್ತಲಿನ ದರಿದ್ರ ಕೇರಿಯಲ್ಲಿ ಬಹುಕಾಲದಿಂದ ದುಡಿಯುತ್ತಿದ್ದ ಧರ್ಮಭಗಿನಿ ರೊಸಾಲಿ ರಂದ್ಯು ಅವರ ಬಳಿಗೆ ಹೋದರು. ಯಾವ ಮನೆಗೆ ಹೋಗಬೇಕು, ಬಾಗಿಲಲ್ಲಿ ಹೇಗೆ ನಿಲ್ಲಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳುವವರ ಮಾನ ಹೋಗದಂತೆ ಹೇಗೆ ಕೊಡಬೇಕು ಎಂಬುದನ್ನೆಲ್ಲ ಆ ತಾಯಿ ವಿಶ್ವವಿದ್ಯಾಲಯದ ತರುಣರಿಗೆ ಕಲಿಸಿದರು. ಮೊದಮೊದಲು ಹಂಚಿದ ರೊಟ್ಟಿಯ ಚೀಟಿಗಳೂ ಅವರೇ ಕೊಟ್ಟವು. 2003ರಲ್ಲಿ ಧರ್ಮಸಭೆಯು ಅವರನ್ನು ಧನ್ಯರೆಂದು ಸಾರಿತು.

ಓಜಾನಮರ ಪಾಲಿಗೆ ಬಂದ ಮೊದಲ ಕುಟುಂಬಗಳಲ್ಲೊಂದರ ಕಥೆ ಹೀಗಿದೆ. ಐದು ಮಕ್ಕಳ ತಾಯಿ. ಕುಡುಕನಾದ ಗಂಡ ಹೊಡೆದು ಬಡಿದು ಅವಳ ಗಳಿಕೆಯನ್ನೆಲ್ಲ ಕಸಿದುಕೊಳ್ಳುತ್ತಿದ್ದ. ರೊಟ್ಟಿಯ ಚೀಟಿಯೊಂದನ್ನು ಕೊಟ್ಟು ಹಿಂದಿರುಗಿದ್ದರೆ ಕರ್ತವ್ಯ ಮುಗಿಯುತ್ತಿತ್ತು. ಕಾನೂನಿನ ವಿದ್ಯಾರ್ಥಿಯಾದ ಓಜಾನಮರು ವಿಚಾರಿಸಿ ನೋಡಲಾಗಿ ಅವರಿಬ್ಬರ ವಿವಾಹವೇ ಸಿಂಧುವಾಗಿರಲಿಲ್ಲ. ಅಧಿಕಾರಿಗಳ ಆದೇಶ ಪಡೆದು ಆಕೆಯನ್ನು ಬಿಡಿಸಿದರು, ಗೆಳೆಯರಿಂದ ಹಣ ಕೂಡಿಸಿ ಚಿಕ್ಕ ಮಕ್ಕಳೊಡನೆ ತೌರೂರಿಗೆ ಕಳಿಸಿದರು, ದೊಡ್ಡ ಹುಡುಗರಿಬ್ಬರಿಗೆ ಬಾಯ್ಲಿಯವರ ಮುದ್ರಣಾಲಯದಲ್ಲಿ ಕೆಲಸ ದೊರಕಿಸಿದರು. ಮನೆಯೊಳಗೆ ಹೋಗಿ ಕುಳಿತಲ್ಲದೆ ಇಂಥ ಕಷ್ಟಗಳು ತಿಳಿಯುವಂತಿಲ್ಲ.

ಇದೇ ಹುಡುಗರು ಇದೇ ವರ್ಷ ಇನ್ನೊಂದು ಕೆಲಸಕ್ಕೂ ಕೈಹಾಕಿದರು. ತಪಸ್ಸುಕಾಲದಲ್ಲಿ ತಮ್ಮ ಪೀಳಿಗೆಯ ಸಂಶಯಗಳಿಗೆ ಉತ್ತರ ಕೊಡಬಲ್ಲ ಪ್ರವಚನಗಳು ಬೇಕು, ಅವು ನೋತ್ರದಾಮ್ ಪ್ರಧಾನಾಲಯದಲ್ಲಿಯೇ ನಡೆಯಬೇಕು ಎಂದು ಪ್ಯಾರಿಸಿನ ಮಹಾಧರ್ಮಾಧ್ಯಕ್ಷ ಕೆಲೆನ್ ಅವರಿಗೆ ವಿದ್ಯಾರ್ಥಿಗಳ ಸಹಿಯುಳ್ಳ ಮನವಿ ಸಲ್ಲಿಸಿದರು. 1834ರಲ್ಲಿ ಮತ್ತೆ ಹೋದರು. ಆ ವರ್ಷ ಮಹಾಧರ್ಮಾಧ್ಯಕ್ಷರು ಬೇರೆಬೇರೆ ಬೋಧಕರನ್ನು ನೇಮಿಸಿದರು, ಹುಡುಗರಿಗೆ ತೃಪ್ತಿಯಾಗಲಿಲ್ಲ. ಅವರು ಬಯಸುತ್ತಿದ್ದುದು ಲಕೊರ್ಡೇರ್ ಎಂಬ ಯುವ ಗುರುಗಳನ್ನು. ಕೊನೆಗೂ 1835ರ ಮಾರ್ಚ್ 8ರಂದು, ತಪಸ್ಸುಕಾಲದ ಮೊದಲನೆಯ ಭಾನುವಾರ, ಲಕೊರ್ಡೇರರು ನೋತ್ರದಾಮಿನ ಬೋಧನಪೀಠವನ್ನೇರಿದರು. ಬಹುಕಾಲದಿಂದ ದೇವಾಲಯದ ಹೊಸಿಲು ತುಳಿಯದಿದ್ದ ತರುಣರೂ ಕಿಕ್ಕಿರಿದು ನೆರೆದರು. ನೋತ್ರದಾಮಿನ ತಪಸ್ಸುಕಾಲದ ಪ್ರವಚನಮಾಲೆಯ ಪರಂಪರೆ ಆರಂಭವಾದುದು ಹೀಗೆ. ಸಾಮಾನ್ಯವಾಗಿ ನಮ್ಮಲ್ಲಿ ಪ್ರವಚನಪ್ರಿಯರು ಬೇರೆ, ಕೇರಿಗೆ ಹೋಗುವವರು ಬೇರೆ. ಓಜಾನಮರ ಬಳಗದಲ್ಲಿ ಈ ಭೇದವಿರಲಿಲ್ಲ. ಭಾನುವಾರ ಪ್ರಧಾನಾಲಯದಲ್ಲಿ ಕಿವಿಗೊಟ್ಟು ನಿಂತವರೇ ವಾರದ ದಿನಗಳಲ್ಲಿ ಮುಫ್ತಾರ್ ಬೀದಿಯ ಕತ್ತಲೆಯ ಮೆಟ್ಟಿಲುಗಳನ್ನು ತಡವರಿಸುತ್ತ ಹತ್ತುತ್ತಿದ್ದರು.

ಅಷ್ಟರಲ್ಲಿ ಸಭೆಯೊಳಗೆ ಒಂದು ಬಿಕ್ಕಟ್ಟು ಹುಟ್ಟಿತು. ಸದಸ್ಯರ ಸಂಖ್ಯೆ ನೂರನ್ನು ಮೀರಿತ್ತು. ಒಂದೇ ಕೋಣೆಯಲ್ಲಿ ಕುಳಿತು ಇಷ್ಟು ಜನ ಕೆಲಸ ಮಾಡಲಾಗದೆಂದು ಕಂಡ ಓಜಾನಮರು ಸಭೆಯನ್ನು ಶಾಖೆಗಳಾಗಿ ವಿಂಗಡಿಸಬೇಕೆಂದು 1834ರ ಕೊನೆಯಲ್ಲಿ ಸೂಚಿಸಿದರು. ಗೆಳೆತನ ಒಡೆಯುತ್ತದೆಂದು ಹಲವರು ಕಣ್ಣೀರಿಟ್ಟು ವಿರೋಧಿಸಿದರು. ಕಡೆಗೆ 1835ರಲ್ಲಿ ವಿಭಜನೆಯಾಯಿತು; ಸಂತ ಎತಿಯೆನ್, ಸಂತ ಸುಲ್ಪೀಸ್ ಮೊದಲಾದ ಧರ್ಮಕೇಂದ್ರಗಳಿಗೆ ಒಂದೊಂದು ಶಾಖೆ ಸೇರಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಿಯಮಾವಳಿಯೂ ಸಿದ್ಧವಾಯಿತು. ಅಂದು ಗೆಳೆಯರ ಮನಸ್ಸನ್ನು ನೋಯಿಸಲು ಹೆದರಿ ಓಜಾನಮರು ಸುಮ್ಮನಾಗಿದ್ದರೆ ಸಭೆಯು ಪ್ಯಾರಿಸಿನ ಒಂದು ವಿದ್ಯಾರ್ಥಿಕೂಟವಾಗಿಯೇ ಉಳಿದು ಅಳಿಯುತ್ತಿತ್ತೇನೋ. ಧರ್ಮಕೇಂದ್ರದ ಆಸರೆ ದೊರೆತುದರಿಂದಲೇ ಅದು ಹಬ್ಬಿತು. ಇಂದು ಸುಮಾರು 150 ದೇಶಗಳಲ್ಲಿದೆ.

ಅವರ ಪಾಂಡಿತ್ಯದ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ. 1836ರಲ್ಲಿ ಕಾನೂನಿನಲ್ಲಿಯೂ 1839ರಲ್ಲಿ ಮಹಾಕವಿ ದಾಂತೆಯನ್ನು ಕುರಿತು ಸಾಹಿತ್ಯದಲ್ಲಿಯೂ ಡಾಕ್ಟರೇಟ್ ಪಡೆದರು. 1844ರಲ್ಲಿ ಸೊರ್ಬೊನ್ನಿನಲ್ಲಿ ವಿದೇಶೀ ಸಾಹಿತ್ಯದ ಪ್ರಾಧ್ಯಾಪಕರಾದರು. ಗುರುವಾಗಬೇಕೋ ಗೃಹಸ್ಥನಾಗಬೇಕೋ ಎಂದು ಬಹುಕಾಲ ತೊಳಲಾಡಿ, 1841ರ ಜೂನ್ 23ರಂದು ಲಿಯಾನಿನಲ್ಲಿ ಅಮೇಲಿ ಸುಲಕ್ರ್ವಾ ಅವರನ್ನು ವರಿಸಿದರು. ಲಕೊರ್ಡೇರರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಓಜಾನಮರು ವಿವಾಹವೆಂಬ ಬಲೆಗೆ ಬಿದ್ದರೆಂದು ಅವರು ಹೇಳಿದ್ದನ್ನು ಕೇಳಿ ಒಂಬತ್ತನೆಯ ಪಿಯುಸ್ ಜಗದ್ಗುರುಗಳು, ಹಾಗಾದರೆ ಸಂಸ್ಕಾರಗಳು ಆರು, ಬಲೆ ಒಂದು ಎಂದಾಯಿತು ಎಂದು ನಕ್ಕರೆಂಬ ಕಥೆ ಪ್ರಚಲಿತವಿದೆ. ದಾಂಪತ್ಯ ಸುಖಮಯವಾಗಿದ್ದಿತು. ಪ್ರತಿ ತಿಂಗಳ 23ರಂದು ಪತ್ನಿಗೆ ಹೂ ತಂದುಕೊಡುವುದನ್ನು ಅವರು ತಪ್ಪಿಸಲಿಲ್ಲ. 1845ರಲ್ಲಿ ಮಗಳು ಮರೀ ಹುಟ್ಟಿದಳು.

ಒಂದು ಹೊಸ ವರ್ಷದ ದಿನ, ತಮಗೆ ಪರಿಚಿತವಾದ ಬಡ ಕುಟುಂಬವೊಂದು ಒಳ್ಳೆಯ ದಿನಗಳ ಕೊನೆಯ ಗುರುತಾಗಿ ಉಳಿದಿದ್ದ ಬಟ್ಟೆಯ ಕಪಾಟನ್ನು ಒತ್ತೆಯಿಟ್ಟಿದೆಯೆಂದು ಓಜಾನಮರಿಗೆ ತಿಳಿಯಿತು. ಅದನ್ನು ಬಿಡಿಸಿಕೊಡಲು ಹೊರಟವರನ್ನು ಪತ್ನಿ ವಿವೇಕದ ಮಾತು ಹೇಳಿ ತಡೆದರು. ಸಂಜೆ ಮಗಳ ಸುತ್ತ ರಾಶಿಬಿದ್ದ ಆಟಿಕೆಗಳನ್ನೂ ಮಿಠಾಯಿಗಳನ್ನೂ ಕಂಡ ತಂದೆಯ ಮುಖ ಬಾಡಿತು. ಕಾರಣ ತಿಳಿದ ಪತ್ನಿಯೇ ಆಗ ಹೋಗಿಬರಲು ಹೇಳಿದರು. ಕಪಾಟನ್ನು ಆ ಮನೆಗೆ ಮುಟ್ಟಿಸಿದ ನಂತರವೇ ಮನೆಯಲ್ಲಿ ಹಬ್ಬವಾಯಿತು.

ಆದರೆ ದಾನದಿಂದ ಎಲ್ಲವೂ ಸರಿಹೋಗುತ್ತದೆಂದು ಓಜಾನಮರು ನಂಬಿದ್ದರೆಂದು ಎಣಿಸಬಾರದು. 1840ರ ಸುಮಾರಿಗೆ ಲಿಯಾನಿನಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸುತ್ತಿದ್ದಾಗಲೇ, ಕಾರ್ಮಿಕನ ಕೂಲಿಯು ಅವನ ಜೀವನಕ್ಕೂ ಮಕ್ಕಳ ವಿದ್ಯಾಭ್ಯಾಸಕ್ಕೂ ಮುಪ್ಪಿನ ಕಾಲಕ್ಕೂ ಸಾಲುವಂತಿರಬೇಕೆಂದು ಅವರು ಕಲಿಸಿದರು. ಕಾರ್ಮಿಕರನ್ನು ಕುರಿತ ಹದಿಮೂರನೆಯ ಲಿಯೋ ಜಗದ್ಗುರುಗಳ ವಿಶ್ವಪತ್ರ ಬಂದುದು ಅರ್ಧ ಶತಮಾನದ ತರುವಾಯ, 1891ರಲ್ಲಿ. 1848ರ ಫೆಬ್ರವರಿಯಲ್ಲಿ, ಕ್ರಾಂತಿ ಸಿಡಿಯುವುದಕ್ಕೆ ಕೆಲವೇ ದಿನ ಮೊದಲು, ಧರ್ಮಸಭೆಯು ಅಧಿಕಾರಸ್ಥರ ಪಕ್ಷ ಬಿಟ್ಟು ಜನಸಾಮಾನ್ಯರ ಪಕ್ಷಕ್ಕೆ ಬರಬೇಕೆಂದು ಬರೆದು ಸ್ವಧರ್ಮೀಯರ ಕೋಪಕ್ಕೂ ಗುರಿಯಾದರು. ಆ ವರ್ಷದ ಚುನಾವಣೆಯಲ್ಲಿ ನಿಂತು ಸೋತರು.

ಜೂನ್ ತಿಂಗಳಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಹಸಿದ ಕಾರ್ಮಿಕರಿಗೂ ಸೈನ್ಯಕ್ಕೂ ಕಾಳಗ ನಡೆಯಿತು. ನಾಗರಿಕ ದಳದಲ್ಲಿ ಕಾವಲಿಗಿದ್ದ ಓಜಾನಮರೂ ಗೆಳೆಯರಿಬ್ಬರೂ ಮಹಾಧರ್ಮಾಧ್ಯಕ್ಷ ಆಫ್ರೆಯವರಲ್ಲಿಗೆ ಹೋಗಿ ಸಂಧಾನಕ್ಕೆ ಬರಬೇಕೆಂದು ಬಿನ್ನವಿಸಿದರು. ಅವರು ಒಪ್ಪಿದರು, ಸಮವಸ್ತ್ರದಲ್ಲಿದ್ದ ಓಜಾನಮರನ್ನು ಹಿಂದೆ ನಿಲ್ಲಿಸಿ ತಾವು ನಿರಾಯುಧರಾಗಿ ಮುಂದೆ ಹೋದರು. ಜೂನ್ 25ರಂದು ಅಡ್ಡಗಟ್ಟೆಯ ಬಳಿ ಗುಂಡು ತಗುಲಿ, 27ರಂದು ಪ್ರಾಣಬಿಟ್ಟರು. ಈ ಆಘಾತದ ನಂತರ ಓಜಾನಮರು ಕ್ರಾಂತಿಕಾರರನ್ನು ಶಪಿಸುತ್ತ ಕೂರಲಿಲ್ಲ. ಲಕೊರ್ಡೇರರೊಡನೆ ಆರಂಭಿಸಿದ್ದ ಪತ್ರಿಕೆಯಲ್ಲಿ ದಾರಿದ್ರ್ಯದ ಕಾರಣಗಳನ್ನು ಕುರಿತು ಲೇಖನಮಾಲೆ ಬರೆದರು. ಮನುಷ್ಯನನ್ನು ಹೀಗಳೆಯುವ ಸಹಾಯ ಬೇರೆ, ಗೌರವಿಸುವ ಸಹಾಯ ಬೇರೆ ಎಂದು ಅಲ್ಲಿ ವಿವರಿಸಿದರು. ಹೊಟ್ಟೆಯನ್ನಷ್ಟೇ ನೋಡಿ ಕೊಡುವುದು ಮೊದಲನೆಯದು. ಬಡವನೂ ತನಗೆ ಏನನ್ನೋ ಕೊಡಬಲ್ಲನೆಂದು ತಿಳಿದು ಅವನೆದುರು ಕುಳಿತು ಕೊಡುವುದು ಎರಡನೆಯದು.

ಮೂತ್ರಪಿಂಡದ ವ್ಯಾಧಿ ಅವರನ್ನು ಬೇಗನೆ ಸೋಲಿಸಿತು. 1852ರಲ್ಲಿ ಹಾಸಿಗೆಯಿಂದೆದ್ದು ಬಂದು ಕೊನೆಯ ಪಾಠ ಹೇಳಿದರು. ಹವಾಮಾನ ಬದಲಾವಣೆಗೆಂದು ಇಟಲಿಗೆ ಹೋದಾಗಲೂ ಅಲ್ಲಿ ಸಭೆಯ ಶಾಖೆಗಳನ್ನು ನೆಲೆಗೊಳಿಸುವುದರಲ್ಲಿ ತೊಡಗಿದ್ದರು. 1853ರ ಏಪ್ರಿಲ್ 23ರಂದು, 40 ತುಂಬಿದ ದಿನ, ಪೀಸಾ ನಗರದಲ್ಲಿ ತಮ್ಮ ಪತ್ನಿ, ಮಗಳು, ಅರ್ಧವಾದ ಗ್ರಂಥಗಳು ಎಲ್ಲವನ್ನೂ ದೇವರಿಗೊಪ್ಪಿಸಿ ಪ್ರಾರ್ಥನೆಯೊಂದನ್ನು ಬರೆದಿಟ್ಟರು. ಬಳಿಕ ಕಡಲತೀರದ ಆಂತಿಞ್ಯಾನೊ ಎಂಬ ಹಳ್ಳಿಯಲ್ಲಿ ತಂಗಿದರು. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು ಗಾಡಿ ಬೇಡವೆಂದು ಹೇಳಿ, ಪತ್ನಿಯ ತೋಳು ಹಿಡಿದು ದೇವಾಲಯಕ್ಕೆ ನಡೆದರು. ಆ ಹಳ್ಳಿಯ ವೃದ್ಧ ವಿಚಾರಣಾ ಗುರುಗಳೂ ಮರಣಶಯ್ಯೆಯಲ್ಲಿದ್ದರು. ಆದರೂ ಈ ಅತಿಥಿಗೆ ತಾವೇ ಪರಮಪ್ರಸಾದ ನೀಡಬೇಕೆಂದು ಎದ್ದು ಬಂದು ಬಲಿಪೂಜೆ ಅರ್ಪಿಸಿದರು. ಅದು ಆ ಗುರುಗಳ ಕೊನೆಯ ಪೂಜೆ. ಓಜಾನಮರ ಕೊನೆಯ ನಡಿಗೆ.

ಹಡಗಿನಲ್ಲಿ ಮಾರ್ಸೇಯಿಗೆ ಕರೆತಂದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 8ರಂದು, ನಮ್ಮ ಕರಾವಳಿಯವರು ತೆನೆಹಬ್ಬ ಆಚರಿಸುವ ಮರಿಯಮ್ಮನವರ ಜನನೋತ್ಸವದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ದೇವರಲ್ಲಿ ಭಯಪಡಬೇಡವೆಂದ ಗುರುಗಳಿಗೆ, ಇಷ್ಟೊಂದು ಪ್ರೀತಿಸುವವನಿಗೆ ಭಯವೆಲ್ಲಿಯದೆಂದು ಉತ್ತರಿಸಿದ್ದರಂತೆ. 1997ರ ಆಗಸ್ಟ್ 22ರಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು ನೋತ್ರದಾಮ್ ಪ್ರಧಾನಾಲಯದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. ಪಾರ್ಥಿವ ಶರೀರವಿರುವುದು ಪ್ಯಾರಿಸಿನ ಕಾರ್ಮೆಲ್ ಮಠದ ಸಂತ ಜೋಸೆಫರ ದೇವಾಲಯದ ನೆಲಮಾಳಿಗೆಯಲ್ಲಿ. ಪತ್ನಿ ಅಮೇಲಿಯವರು ಮುಂದೆ 41 ವರ್ಷ ಬದುಕಿ 1894ರಲ್ಲಿ ತೀರಿಕೊಂಡರು. ತಮ್ಮ ದಾನಧರ್ಮಗಳ ಬಗ್ಗೆ ಬಾಯಿಬಿಡದಿದ್ದ ಪತಿಯ ಕಾಗದಪತ್ರಗಳನ್ನು ಅವರು ಒಂದೊಂದಾಗಿ ಕೂಡಿಸಿ ಕಾಪಾಡಿದುದರಿಂದಲೇ ಈ ಚರಿತ್ರೆಯ ಬಹುಭಾಗ ನಮಗೆ ದೊರೆತಿದೆ.