ಬಾಲಕರ ಬರವಣಿಗೆಯೂ ದಿವಂಗತ ಪಂಜೆ ಮಂಗೇಶರಾಯರೂ

ಶಿವಮೊಗ್ಗೆಯ ಸವಳಂಗ ರಸ್ತೆಯಲ್ಲಿ ಸಾಯಂಕಾಲ ಪಾಠಶಾಲೆಯಿಂದ ಮರಳುವ ಎಳೆಯ ಮಕ್ಕಳು ತಾವು ಕಂಡುದನ್ನೂ ಕೇಳಿದುದನ್ನೂ ದಾರಿಯುದ್ದಕ್ಕೂ ನಿರರ್ಗಳವಾಗಿ ಹೇಳಿಕೊಂಡು ಬರುತ್ತಾರೆ. ಅದೇ ಸಂಗತಿಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರೆಂದರೆ, ಕಡೆಯದು ಮೊದಲಿಗೆ ಬರುತ್ತದೆ, ನಡುವಣದು ಬಿಟ್ಟುಹೋಗುತ್ತದೆ. ಅನೇಕರು ಕರಿಹಲಗೆಯ ಮೇಲಿನ ಪ್ರಬಂಧವನ್ನು ನಕಲು ಮಾಡಿ ಕೈತೊಳೆದುಕೊಳ್ಳುತ್ತಾರೆ. ಈ ಲೋಪಕ್ಕೆ ಪರಿಹಾರವನ್ನರಸುವವರು ಆಗುಂಬೆಯ ಘಟ್ಟದ ಕೆಳಗಣ ದಕ್ಷಿಣ ಕನ್ನಡದಲ್ಲಿ ಜನಿಸಿದ ಉಪಾಧ್ಯಾಯರೊಬ್ಬರ ಜೀವಿತವನ್ನು ಸ್ಮರಿಸುವುದು ಯುಕ್ತವಾಗಿದೆ.

ಪಂಜೆ ಮಂಗೇಶರಾಯರು 1874ನೆಯ ಇಸವಿ ಫೆಬ್ರವರಿ 22ರಂದು ಬಂಟವಾಳದಲ್ಲಿ ಜನಿಸಿದರು. ಮನೆಯ ಮಾತು ಕೊಂಕಣಿ, ನೆರೆಹೊರೆಯ ಮಾತು ತುಳು. ಆದರೂ ತಮ್ಮ ಆಯುಷ್ಯವನ್ನೆಲ್ಲ ಅವರು ಕನ್ನಡಕ್ಕೆ ಮುಡಿಪಾಗಿಟ್ಟರು. ಬಡತನದೊಡನೆ ಹೋರಾಡಿ ಮಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಪೂರೈಸಿ, ಅಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲೆಗಳ ತನಿಖಾಧಿಕಾರಿಗಳಾಗಿ ದಕ್ಷಿಣ ಕನ್ನಡದಲ್ಲಿಯೂ ಕೊಡಗಿನಲ್ಲಿಯೂ ಸಂಚರಿಸಿದರು. ಇನ್‌ಸ್ಪೆಕ್ಟರರ ಹೆಸರನ್ನು ಕೇಳಿದರೆ ಮಕ್ಕಳಿರಲಿ, ಮೇಷ್ಟರುಗಳೇ ನಡುಗುತ್ತಿದ್ದ ಕಾಲವದು. ರಾಯರಾದರೋ ಮಕ್ಕಳ ನಡುವೆ ಕುಳಿತು ಕಥೆ ಹೇಳಿ, ಹಾಡು ಹಾಡಿ, ಅವರ ನಾಲಗೆಯ ಬಿಗಿಯನ್ನು ಸಡಿಲಿಸುತ್ತಿದ್ದರು.

1900ರಲ್ಲಿ ಸುವಾಸಿನಿ ಪತ್ರಿಕೆಯಲ್ಲಿ ಪ್ರಕಟವಾದ ಅವರ ಕಥೆಯು ಕನ್ನಡದ ಸಣ್ಣಕಥೆಗಳಲ್ಲಿ ಮೊದಮೊದಲಿನದೆಂದು ಪರಿಗಣಿತವಾಗಿದೆ. ಕವಿಶಿಷ್ಯರೆಂಬ ಹೆಸರಿನಿಂದ ಕವಿತೆಗಳನ್ನು ಬರೆದರು; ಬಾಸೆಲ್ ಮಿಶನ್ ಮುದ್ರಣಾಲಯಕ್ಕಾಗಿ ಪದ್ಯಪುಸ್ತಕಗಳನ್ನು ಸಂಪಾದಿಸಿದರು; 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಆಂಗ್ಲ ವಿದ್ಯೆಯೊಂದೇ ವಿದ್ಯೆಯೆಂದು ನಮ್ಮವರು ಭ್ರಮಿಸಿದ್ದ ದಿನಗಳಲ್ಲಿ ಕನ್ನಡದ ಕೂಸುಗಳಿಗೆ ಕನ್ನಡದಲ್ಲಿಯೇ ಓದಲು ಏನಾದರೂ ಇರಬೇಕೆಂದು ಬಗೆದದ್ದು ಸಾಮಾನ್ಯವಾದ ದೇಶಸೇವೆಯಲ್ಲ.

ರಾಯರ ಮಕ್ಕಳ ಕಥೆಗಳ ಕಟ್ಟಡವನ್ನು ನಮ್ಮ ಉಪಾಧ್ಯಾಯರು ಸಾವಧಾನವಾಗಿ ಪರಿಶೀಲಿಸಬೇಕು. ಸಿಗಡಿ ಯಾಕೆ ಒಣಗಲಿಲ್ಲವೆಂಬ ಕಥೆಯಲ್ಲಿ ಒಂದು ಪ್ರಶ್ನೆಗೆ ದೊರೆತ ಉತ್ತರವೇ ಮತ್ತೊಂದು ಪ್ರಶ್ನೆಗೆ ಕಾರಣವಾಗುತ್ತದೆ. ಹೇನು ಸತ್ತು ಕಾಗೆ ಬಡವಾದ ಕಥೆಯ ಹೆಸರಿನಲ್ಲಿಯೇ ಸರಪಳಿಯ ಮೊದಲ ಎರಡು ಕೊಂಡಿಗಳಿವೆ. ಕೇಳುವ ಮಗುವು ಒಂದು ಕೊಂಡಿಯನ್ನು ಮರೆತರೆ ಕಥೆಯು ಮುಂದೆ ಸಾಗುವುದಿಲ್ಲ. ನಗುನಗುತ್ತಲೇ ಅದು ಕಾರ್ಯಕಾರಣಗಳ ಕ್ರಮವನ್ನು ಕಲಿತುಬಿಡುತ್ತದೆ. ಕ್ರಮವು ಮೊದಲು ಕಿವಿಗೆ, ಆಮೇಲೆ ಬಾಯಿಗೆ, ಕಡೆಯಲ್ಲಿ ಕೈಗೆ ಬರತಕ್ಕದ್ದು. ನಮ್ಮ ಶಾಲೆಗಳು ಮೊದಲೆರಡನ್ನು ಬಿಟ್ಟು ಮೂರನೆಯದನ್ನೇ ಬಯಸುವುದರಿಂದ ಮಕ್ಕಳು ನಕಲಿಗೆ ಶರಣಾಗುತ್ತಾರೆ.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ. ಸವಳಂಗ ರಸ್ತೆಯಲ್ಲಿ ಊರೊಳಗಿನಿಂದ ನವುಲೆಯವರೆಗೆ ಹೋದ ಮಗುವು ಮೊದಲು ಏನನ್ನು ಕಂಡಿತು, ಆಮೇಲೆ ಏನನ್ನು, ಕಡೆಗೆ ಏನನ್ನು ಎಂದು ಬಾಯಿಂದ ಹೇಳಲಿ. ಒಂದೊಂದಕ್ಕೆ ಒಂದೊಂದೇ ಮಾತನ್ನು ಸ್ಲೇಟಿನ ಮೇಲೆ ಗುರುತುಮಾಡಲಿ. ಸ್ಥಾನ ತಪ್ಪಿದ್ದನ್ನು ಒರಸಿ ಸರಿಪಡಿಸಲಿ. ಆಮೇಲೆ ಒಂದೊಂದು ಮಾತನ್ನೂ ಎರಡು ಮೂರು ವಾಕ್ಯಗಳಿಗೆ ಬೆಳೆಸಲಿ. ದಾರಿಯ ಕ್ರಮವೇ ಬರವಣಿಗೆಯ ಕ್ರಮವಾಗುವುದು. ತನ್ನ ಕಷ್ಟಸುಖಗಳನ್ನು ಕ್ರಮವಾಗಿ ನಿರೂಪಿಸಲಾರದ ಪ್ರಜೆಯು ಒಂದು ಅರ್ಜಿಗೂ ಪರರ ಕೈಯನ್ನು ಕಾಯಬೇಕಾಗುವುದೆಂಬುದನ್ನು ಕಚೇರಿಗಳಲ್ಲಿರುವ ನಮ್ಮ ವಾಚಕರು ಚೆನ್ನಾಗಿ ಬಲ್ಲರು.

ರಾಯರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನಲಂಕರಿಸಿ, 1937ರ ಅಕ್ಟೋಬರ್ 25ರಂದು ಹೈದರಾಬಾದಿನಲ್ಲಿ ದಿವಂಗತರಾದರು. ಅವರ ಪದ್ಯಗಳನ್ನು ಮಕ್ಕಳಿಂದ ಕಂಠಪಾಠ ಮಾಡಿಸಿ ಕೃತಾರ್ಥರಾದೆವೆಂದು ಭಾವಿಸುವುದು ಸುಲಭ. ಅವರಂತೆ ಮಕ್ಕಳ ನಡುವೆ ಕುಳಿತು, ಅವರ ಮಾತನ್ನು ಕೊನೆಯವರೆಗೆ ಕೇಳಿ, ಅದಕ್ಕೊಂದು ಕ್ರಮವನ್ನು ತೋರಿಸಿಕೊಡುವ ತಾಳ್ಮೆಯು ನಮ್ಮ ಉಪಾಧ್ಯಾಯರಲ್ಲಿಯೂ ತಂದೆತಾಯಿಗಳಲ್ಲಿಯೂ ಉಂಟಾಗಲೆಂದು ಹಾರೈಸುತ್ತೇವೆ.