ಬೇರು ಉಣ್ಣುವ ಬಗೆ: ಡೆನಿಸ್ ಹೋಗ್ಲಂಡ್ ಅವರ ಜೀವನ ಮತ್ತು ನಮ್ಮ ವಿಜ್ಞಾನ ಪಾಠ

ಬೇರು ಮಣ್ಣಿನಿಂದ ನೀರನ್ನೂ ಖನಿಜ ಲವಣಗಳನ್ನೂ ಹೀರಿಕೊಳ್ಳುತ್ತದೆ. ಬೋಧನಾಭ್ಯಾಸದ ತರಗತಿಗಳಲ್ಲಿ ಬಹುಪಾಲು ಈ ಒಂದು ವಾಕ್ಯದೊಂದಿಗೆ ಬೇರಿನ ಪಾಠ ಮುಗಿಯುತ್ತದೆ. ಅಭಿಸರಣೆಯ ಪ್ರಯೋಗವನ್ನು ನೋಡಿದ ಮಗು, ನೀರು ಒಳಗೆ ಬಂದಂತೆಯೇ ಅದರಲ್ಲಿ ಕರಗಿದ ಲವಣವೂ ತಾನಾಗಿ ಬರುತ್ತದೆ ಎಂದು ತಿಳಿದುಕೊಳ್ಳುತ್ತದೆ. ಮುಂದೆ ಪದವಿಪೂರ್ವ ತರಗತಿಯಲ್ಲಿ ಸಕ್ರಿಯ ಸಾಗಣೆ ಎಂಬ ಮಾತು ಬಂದಾಗ ಅದು ಬಾಯಿಪಾಠದ ಪದವಾಗಿ ಉಳಿಯುತ್ತದೆ. ಈ ತಪ್ಪು ತಿಳಿವಳಿಕೆಯನ್ನು ಪ್ರಯೋಗಗಳಿಂದ ಕಿತ್ತುಹಾಕಿದವರಲ್ಲಿ ಡೆನಿಸ್ ಹೋಗ್ಲಂಡ್ ಪ್ರಮುಖರು. ಅವರ ಜೀವನವೇ ಈ ಪಾಠಕ್ಕೆ ಒಳ್ಳೆಯ ಪೀಠಿಕೆಯಾಗಬಲ್ಲದು.

ಹೋಗ್ಲಂಡ್ 1884ರ ಏಪ್ರಿಲ್ 2ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಗೋಲ್ಡನ್ ಎಂಬ ಊರಿನಲ್ಲಿ ಹುಟ್ಟಿದರು. ಶಾಲೆಯ ಓದು ಡೆನ್ವರ್‌ನಲ್ಲಿ ನಡೆಯಿತು. 1907ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಮರುವರ್ಷ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಣಿಪೋಷಣೆಯ ಪ್ರಯೋಗಾಲಯವನ್ನು ಸೇರಿದರು. ವಿಸ್ಕಾನ್ಸಿನ್‌ನಲ್ಲಿ ಮೆಕಾಲಮ್ ಅವರ ಬಳಿ ಕಲಿತು 1913ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಬರ್ಕ್ಲಿಗೆ ಮರಳಿದರು. ಪ್ರಾಣಿಗಳ ಆಹಾರದಿಂದ ಅವರ ಗಮನ ಸಸ್ಯಗಳ ಆಹಾರದತ್ತ ತಿರುಗಿದ್ದು ಆ ನಂತರ.

ತಿರುವಿಗೆ ಕಾರಣವಾದದ್ದು ಮೊದಲ ಮಹಾಯುದ್ಧ. ಅಮೆರಿಕಕ್ಕೆ ಬೇಕಾದ ಪೊಟ್ಯಾಶ್ ಗೊಬ್ಬರ ಅಲ್ಲಿಯವರೆಗೆ ಜರ್ಮನಿಯಿಂದ ಬರುತ್ತಿತ್ತು. ಯುದ್ಧ ಆ ದಾರಿಯನ್ನು ಮುಚ್ಚಿದಾಗ, ಕ್ಯಾಲಿಫೋರ್ನಿಯಾ ಕರಾವಳಿಯ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯಿಂದ ಪೊಟ್ಯಾಶ್ ತೆಗೆಯಬಹುದೇ ಎಂದು ಪರೀಕ್ಷಿಸುವ ಕೆಲಸದಲ್ಲಿ ಹೋಗ್ಲಂಡ್ ತೊಡಗಿದರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸೋಡಿಯಂ ಸುಮಾರು 10.8 ಗ್ರಾಂ ಇದ್ದರೆ, ಪೊಟ್ಯಾಸಿಯಂ ಇರುವುದು ಸುಮಾರು 0.4 ಗ್ರಾಂ ಮಾತ್ರ. ಆದರೂ ಕೆಲ್ಪ್ ತನ್ನೊಳಗೆ ಪೊಟ್ಯಾಸಿಯಂ ಮತ್ತು ಅಯೋಡಿನ್‌ಗಳನ್ನು ಸಮುದ್ರದಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿ ಕೂಡಿಟ್ಟುಕೊಳ್ಳುತ್ತದೆ. ಸುತ್ತ ಹೇರಳವಾಗಿರುವುದನ್ನು ಬಿಟ್ಟು ವಿರಳವಾದುದನ್ನು ಆರಿಸಿಕೊಳ್ಳುವ ಶಕ್ತಿ ಈ ಜೀವಕೋಶಕ್ಕೆ ಎಲ್ಲಿಂದ ಬಂತು? ಹೋಗ್ಲಂಡ್ ಅವರ ಮುಂದಿನ ಬಹುಪಾಲು ಸಂಶೋಧನೆ ಈ ಪ್ರಶ್ನೆಯ ಸುತ್ತ ಬೆಳೆಯಿತು.

ಅವರು ಆಮೇಲೆ ಆರಿಸಿಕೊಂಡದ್ದು ಸಿಹಿನೀರಿನ ನಿಟೆಲ್ಲ ಎಂಬ ಪಾಚಿ. ಅದರ ಒಂದೊಂದು ಜೀವಕೋಶವೂ ಕಣ್ಣಿಗೆ ಕಾಣುವಷ್ಟು ಉದ್ದ. ಹಾಗಾಗಿ ಒಳಗಿನ ಕೋಶರಸವನ್ನು ಬೇರೆಯಾಗಿ ತೆಗೆದು ವಿಶ್ಲೇಷಿಸಬಹುದು. 1923ರಲ್ಲಿ ಸಹೋದ್ಯೋಗಿ ಡೇವಿಸ್ ಅವರೊಂದಿಗೆ ಪ್ರಕಟಿಸಿದ ಫಲಿತಾಂಶದಲ್ಲಿ ಒಂದು ವಿಷಯ ಸ್ಪಷ್ಟವಾಗಿತ್ತು: ಕೋಶರಸದಲ್ಲಿ ಪೊಟ್ಯಾಸಿಯಂ ಹೊರಗಿನ ಕೊಳದ ನೀರಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಬರೀ ವಿಸರಣೆಯಾಗಿದ್ದರೆ ಒಳಗೂ ಹೊರಗೂ ಸಮವಾದ ಕೂಡಲೇ ಚಲನೆ ನಿಲ್ಲಬೇಕಿತ್ತು. ಲವಣ ಒಳಗೆ ಯಾವುದೋ ವಸ್ತುವಿಗೆ ಅಂಟಿಕೊಂಡಿರಬಹುದಲ್ಲ ಎಂಬ ಆಕ್ಷೇಪವೂ ಬರಬಹುದಿತ್ತು. ಆದರೆ ರಸದ ವಿದ್ಯುದ್ವಾಹಕತೆ ಅಯಾನುಗಳು ಬಿಡಿಯಾಗಿಯೇ ಇವೆ ಎಂದು ತೋರಿಸಿತು. ಮುಂದಿನ ಪ್ರಯೋಗಗಳಲ್ಲಿ ಅವರು ಕ್ಲೋರೈಡ್‌ನ ಬದಲು ಅದನ್ನು ಹೋಲುವ ಬ್ರೋಮೈಡ್ ಬಳಸಿದರು. ಮೊದಲೇ ಒಳಗಿದ್ದ ಕ್ಲೋರೈಡ್‌ನಿಂದ ಹೊಸದಾಗಿ ಬಂದದ್ದನ್ನು ಬೇರ್ಪಡಿಸಿ ಅಳೆಯಲು ಅದು ಅನುಕೂಲವಾಗಿತ್ತು. ಬೆಳಕಿದ್ದಾಗ ಶೇಖರಣೆ ಚೆನ್ನಾಗಿ ನಡೆಯಿತು, ಕತ್ತಲಲ್ಲಿ ಕುಗ್ಗಿತು. ಅಂದರೆ ಈ ಕೆಲಸಕ್ಕೆ ಜೀವಕೋಶ ಶಕ್ತಿಯನ್ನು ವೆಚ್ಚ ಮಾಡುತ್ತಿತ್ತು.

ಬೇರಿನಲ್ಲೂ ಹೀಗೆಯೇ ಇರುತ್ತದೆಯೇ ಎಂದು ತಿಳಿಯಲು ಅವರು ಬಾರ್ಲಿ ಸಸಿಗಳನ್ನು ತೀರಾ ತೆಳುವಾದ ಲವಣದ ದ್ರಾವಣದಲ್ಲಿ ಬೆಳೆಸಿದರು. ಅಂಥ ಬೇರುಗಳಲ್ಲಿ ಸಕ್ಕರೆ ಹೆಚ್ಚು, ಲವಣ ಕಡಿಮೆ. ಆ ಬೇರುಗಳನ್ನು ಕತ್ತರಿಸಿ ಪೊಟ್ಯಾಸಿಯಂ ಲವಣದ ದ್ರಾವಣದಲ್ಲಿಟ್ಟರೆ ಕೆಲವೇ ಗಂಟೆಗಳಲ್ಲಿ ಅವು ಗಣನೀಯವಾಗಿ ಲವಣ ಹೀರಿದವು. ದ್ರಾವಣಕ್ಕೆ ಗಾಳಿಯ ಬದಲು ಸಾರಜನಕ ಹಾಯಿಸಿದಾಗ ಅಥವಾ ತಣ್ಣಗಾಗಿಸಿದಾಗ ಹೀರುವಿಕೆ ತೀವ್ರವಾಗಿ ಕುಸಿಯಿತು. 1936ರಲ್ಲಿ ಬ್ರಾಯರ್ ಅವರೊಂದಿಗೆ ಪ್ರಕಟವಾದ ಈ ಕೆಲಸ, ಲವಣದ ಶೇಖರಣೆಗೂ ಬೇರಿನ ಉಸಿರಾಟಕ್ಕೂ ಇರುವ ನಂಟನ್ನು ಗಟ್ಟಿಮಾಡಿತು. ಇಲ್ಲಿ ಎಲೆಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಭಾಷ್ಪವಿಸರ್ಜನೆಯ ಸೆಳೆತವಿಲ್ಲದೆಯೂ ಬೇರು ಲವಣವನ್ನು ಒಳಗೆ ಎಳೆದುಕೊಂಡಿತ್ತು.

ಹೋಗ್ಲಂಡ್ ಪ್ರಯೋಗಾಲಯದೊಳಗೇ ಉಳಿದವರಲ್ಲ. ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಲ್ಲಿ ಎಲೆಗಳು ಮುರುಟಿ ಚಿಕ್ಕದಾಗುವ ರೋಗ ಹರಡಿತ್ತು. ಮಣ್ಣಿಗೆ ಕಬ್ಬಿಣದ ಸಲ್ಫೇಟ್ ಹಾಕಿದಾಗ ಕೆಲವು ಮರಗಳು ಗುಣವಾದವು, ಶುದ್ಧ ಕಬ್ಬಿಣದ ಲವಣ ಹಾಕಿದಾಗ ಆಗಲಿಲ್ಲ. ಕಾರಣ, ಅಶುದ್ಧ ಸಲ್ಫೇಟ್‌ನಲ್ಲಿ ಬೆರೆತಿದ್ದ ಸತು. ಸತುವಿನ ಕೊರತೆಯೇ ಈ ರೋಗದ ಮೂಲ ಎಂದು ಚಾಂಡ್ಲರ್ ಮತ್ತು ಹಿಬ್ಬಾರ್ಡ್ ಅವರೊಂದಿಗೆ ಸೇರಿ ಹೋಗ್ಲಂಡ್ 1930ರ ದಶಕದಲ್ಲಿ ತೋರಿಸಿದರು.

ಮನೆಯಲ್ಲಿ ಇದೇ ದಶಕ ಕಷ್ಟದ್ದಾಗಿತ್ತು. 1920ರಲ್ಲಿ ಕೈಹಿಡಿದ ಪತ್ನಿ ಜೆಸ್ಸಿ 1933ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಮೂವರು ಚಿಕ್ಕ ಗಂಡುಮಕ್ಕಳನ್ನು ಬೆಳೆಸುವ ಹೊಣೆ ಅವರೊಬ್ಬರ ಮೇಲೆ ಬಿತ್ತು. ಸಂಶೋಧನೆ ನಿಲ್ಲಲಿಲ್ಲ.

ಅದೇ ಕಾಲಕ್ಕೆ ಮಣ್ಣಿಲ್ಲದ ಬೇಸಾಯದ ಬಗ್ಗೆ ಅಮೆರಿಕದಲ್ಲಿ ಅತಿಯಾದ ಆಸೆ ಹುಟ್ಟಿತ್ತು. ಹೋಗ್ಲಂಡ್ ಮತ್ತು ಅರ್ನಾನ್ ಮಣ್ಣಿನಲ್ಲೂ ದ್ರಾವಣದಲ್ಲೂ ಬೆಳೆ ತೆಗೆದು ಹೋಲಿಸಿದರು. ಚೆನ್ನಾಗಿ ನೋಡಿಕೊಂಡ ಫಲವತ್ತಾದ ಮಣ್ಣಿಗಿಂತ ದ್ರಾವಣದ ಇಳುವರಿ ಮಿಗಿಲಲ್ಲ ಎಂದು 1938ರ ಕಿರುಹೊತ್ತಗೆಯಲ್ಲಿ ತಿಳಿಸಿದರು. ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್, ಪೊಟ್ಯಾಸಿಯಂ ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್‌ಗಳ ಜತೆಗೆ ಕಬ್ಬಿಣ ಹಾಗೂ ಇತರ ಸೂಕ್ಷ್ಮ ಧಾತುಗಳಿರುವ ಆ ಪಾಕವೇ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಹೋಗ್ಲಂಡ್ ದ್ರಾವಣ. 1949ರ ಸೆಪ್ಟೆಂಬರ್ 5ರಂದು ಅವರು ನಿಧನರಾದರು. ಅವರ ಪರಂಪರೆಯಲ್ಲಿ ಬೆಳೆದ ಎಪ್‌ಸ್ಟೈನ್ 1952ರಲ್ಲಿ ಅದೇ ಬಗೆಯ ಬಾರ್ಲಿ ಬೇರುಗಳನ್ನು ಬಳಸಿ, ಪೊರೆಯಲ್ಲಿ ಅಯಾನುಗಳನ್ನು ಸಾಗಿಸುವ ವಾಹಕಗಳಿವೆ ಎಂಬ ವಿಚಾರಕ್ಕೆ ಅಂಕಿಅಂಶಗಳ ಆಧಾರ ಒದಗಿಸಿದರು.

ಪ್ರಶಿಕ್ಷಣಾರ್ಥಿಗಳು ಈ ಜೀವನಕಥೆಯನ್ನು ಪೂರ್ತಿ ಹೇಳಬೇಕಾಗಿಲ್ಲ. ಅಭಿಸರಣೆಯ ಪಾಠ ಮುಗಿದ ಮೇಲೆ ನಿಟೆಲ್ಲದ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಹೊರಗೆ ಒಂದು, ಒಳಗೆ ಸಾವಿರ ಇದ್ದರೂ ಪೊಟ್ಯಾಸಿಯಂ ಇನ್ನೂ ಒಳಗೇ ಹೋಗುವುದು ಹೇಗೆ ಎಂದು ಕೇಳಿ. ಮಕ್ಕಳು ಊಹಿಸಲು ಸಮಯ ಕೊಡಿ. ಬಳಿಕ ಬಾರ್ಲಿ ಬೇರಿನ ಪ್ರಯೋಗವನ್ನು ಒಂದೊಂದೇ ಹಂತವಾಗಿ ಇಟ್ಟು, ಗಾಳಿ ನಿಲ್ಲಿಸಿದರೆ ಏನಾಗಬಹುದು ಎಂದು ಅವರಿಂದಲೇ ಹೇಳಿಸಿ. ಕೊನೆಗೆ ಹೊಲದ ಪ್ರಶ್ನೆ: ಮಳೆ ಹೆಚ್ಚಾಗಿ ನೀರು ನಿಂತ ಮೆಕ್ಕೆಜೋಳ ಹಳದಿಯಾಗುವುದೇಕೆ? ಕೊಚ್ಚಿಹೋದ ಗೊಬ್ಬರದ ಮಾತು ಮಕ್ಕಳಿಂದ ಮೊದಲು ಬರುತ್ತದೆ, ಅದೂ ಸರಿಯೇ. ಉಳಿದ ಗೊಬ್ಬರವನ್ನು ಒಳಗೆ ತೆಗೆದುಕೊಳ್ಳಲು ಬೇರಿಗೆ ಉಸಿರು ಬೇಕು ಎಂಬ ಉತ್ತರವನ್ನೂ ಯಾರಾದರೂ ಕೊಟ್ಟರೆ, ಸಕ್ರಿಯ ಸಾಗಣೆ ಎಂಬ ಹೆಸರನ್ನು ಆಗ ಬರೆಯಿರಿ. ಭತ್ತ ಮಾತ್ರ ನಿಂತ ನೀರಿನಲ್ಲೂ ಹಸಿರಾಗಿರುತ್ತದಲ್ಲ ಎಂದು ಕೇಳುವ ಮಗು ಇದ್ದರೆ, ಕಾಂಡದಿಂದ ಬೇರಿಗೆ ಗಾಳಿ ಇಳಿಸುವ ಅದರ ಅಂಗಾಂಶವೇ ಮುಂದಿನ ತರಗತಿಯ ಪಾಠ.